ಹಳೇ ಸ್ಕಾಟಿಷ್ ಡಾನ್ಸಿನ ಸೂಚನೆ ಓದೂದು ಹೆಂಗೆ (ಎಂಟು ಅಡಿಕೆ ಸಾಕು)

ಯಕ್ಷಗಾನ ಪ್ರಸಂಗದ ಪುಸ್ತಕ ತೆಗೆದ್ರೆ ಪದ್ಯ ಇರ್ತದೆ, ಮೇಲೆ ರಾಗ ತಾಳ ಇರ್ತದೆ, ಹೆಜ್ಜೆ ಮಾತ್ರ ಎಲ್ಲೂ ಇರೂದಿಲ್ಲ, ಕುಣಿಯೋನಿಗೆ ಅದು ಗೊತ್ತೇ ಇರ್ತದೆ ಅಂತ. ಸ್ಕಾಟ್ಲೆಂಡಿನ ಹಳೇ ಕಂಟ್ರಿ ಡಾನ್ಸೂ ಹಾಗೇ ಮಾರಾಯ್ರೆ. 1734ರಲ್ಲಿ ಅಲ್ಲಿನ ಡೇವಿಡ್ ಯಂಗ್ ಅನ್ನೋನು ಕೈಯಲ್ಲಿ ಬರೆದಿಟ್ಟಂಥ ಪುಸ್ತಕಗಳಲ್ಲಿ ಒಂದು ಡಾನ್ಸಿಗೆ ಕೆಲವೇ ಸಾಲು, ಬಾಕಿದ್ದೆಲ್ಲ ನಾವೇ ತುಂಬಿಸ್ಕಬೇಕು.

ಮೊದ್ಲು ಜಗಲಿ ಮೇಲೆ ನಾಲ್ಕು ಚಾಲಿ, ನಾಲ್ಕು ಕೆಂಪಡಿಕೆ ಎದುರುಬದುರು ಎರಡು ಸಾಲಾಗಿ ಇಡಿ. ಚಾಲಿ ಗಂಡಸ್ರು, ಕೆಂಪಡಿಕೆ ಹೆಂಗಸ್ರು. (ಡಾನ್ಸ್ ಪುಸ್ತಕ ಅಚ್ಚು ಹಾಕಿಸಿದ ಇಂಗ್ಲೆಂಡಿನ ಪ್ಲೇಫರ್ಡ್ 1651ರಲ್ಲಿ ಇದಕ್ಕೆ ಸೂರ್ಯ ಚಂದ್ರರ ಗುರುತು ಹಾಕಿದ್ದ, ನಮ್ಗೆ ಅಡಿಕೆಯೇ ಸೈ.) ತುದಿಗೆ ಒಂದು ಲೋಟ ಇಡಿ, ಅದು ಮ್ಯೂಸಿಕ್ಕಿನವ್ರು ಕೂರೋ ಜಾಗ, ಅದೇ 'ಮೇಲೆ'. ಗಂಡಸ್ರ ಎಡಭುಜ ಲೋಟದ ಕಡೆಗೆ ಇರಬೇಕು. ಎದುರುಬದುರು ಇರೋ ಚಾಲಿ, ಕೆಂಪಡಿಕೆ ಸೇರಿ ಒಂದು ಜೋಡಿ, ಲೋಟದ ಹತ್ರದ್ದು ಒಂದನೇ ಜೋಡಿ.

ಈಗ ಹೆಜ್ಜೆ ಬಿಟ್ಟು ಮ್ಯೂಸಿಕ್ ಲೆಕ್ಕ ಹಾಕಿ. ತುಂಬಾ ಟ್ಯೂನಿನಲ್ಲಿ ಎಂಟು ಬಾರಿನ (ಬಾರ್ ಅಂದ್ರೆ ನಮ್ಮ ತಾಳದ ಒಂದು ಆವರ್ತದ ಹಾಗೆ) ಎರಡು ಭಾಗ, ಒಂದೊಂದೂ ಎರಡು ಸಲ, ಒಟ್ಟು 32 ಬಾರ್. ಸೂಚನೆ ಹೀಗಿದೆ ಅಂತಿಟ್ಕಳಿ: ಒಂದನೇ ಜೋಡಿ ಎರಡು ಜೋಡಿ ದಾಟಿ ಕಾಸ್ಟ್ ಆಫ್, ವಾಪಸ್ ಮೇಲೆ, ನಡುವಿಂದ ಕೆಳಗೆ ಹೋಗಿ ಬಂದು ಕಾಸ್ಟ್ ಆಫ್, ನಾಲ್ಕು ಜನ ಕೈ ಹಿಡಿದು ಸುತ್ತು, ರೈಟ್ಸ್ ಅಂಡ್ ಲೆಫ್ಟ್ಸ್. ಕಾಸ್ಟ್ ಆಫ್ ಅಂದ್ರೆ ಹೊರಗೆ ತಿರುಗಿ ತಮ್ಮ ಸಾಲಿನ ಬೆನ್ನ ಹಿಂದಿಂದ ಕೆಳಗೆ ಹೋಗೂದು, ರೈಟ್ಸ್ ಅಂಡ್ ಲೆಫ್ಟ್ಸ್ ಅಂದ್ರೆ ಎರಡು ಜೋಡಿ ಬಲಗೈ, ಎಡಗೈ ಬದಲಿಸ್ತಾ ಒಬ್ಬರನ್ನೊಬ್ಬರು ದಾಟಿ ಚೌಕದ ಸುತ್ತ ಹೋಗೂದು. ಎಂಟರಂತೆ ನಾಲ್ಕು ತುಂಡು ಮಾಡಿದ್ರೆ 32 ಸರಿ ಕೂತ್ಕತ್ತದೆ. ಸುತ್ತು ಒಂದೇ ಕಡೆನಾ, ಹೋಗಿ ವಾಪಸ್ ಬರೂದಾ ಅಂತ ಡೌಟ್ ಬಂದ್ರೆ ಉಳಿದ ಬಾರ್ ಎಣಿಸಿ, ನಾಲ್ಕೇ ಇದ್ರೆ ಒಂದೇ ಕಡೆ, ಎಂಟಿದ್ರೆ ಎಡಕ್ಕೆ ಹೋಗಿ ಬಲಕ್ಕೆ ವಾಪಸ್.

ಇನ್ನು ನಿಜವಾದ ಪರೀಕ್ಷೆ. 32 ಮುಗಿದಾಗ ಒಂದನೇ ಜೋಡಿ ಎರಡನೇ ಜಾಗದಲ್ಲಿ, ಅವರವರ ಸಾಲಿನಲ್ಲೇ ಇರಬೇಕು. ಇಲ್ಲ ಅಂದ್ರೆ ನೀವು ಎಲ್ಲೋ ತಪ್ಪಿದ್ದೀರಿ, ಅಥವಾ ಬರೆದವ್ರು 'ಗೊತ್ತಲ್ಲ' ಅಂತ ಒಂದು ಕಾಸ್ಟ್ ಆಫ್ ನುಂಗಿದಾರೆ. ನಂಗೆ ಎರಡು ಸಂಜೆ ಹೋಯ್ತು, ಆಮೇಲೆ ನೋಡಿದ್ರೆ ಎರಡನೇ ಜೋಡಿನ ಮೇಲೆ ಸರಿಸೂದೇ ಮರೆತಿದ್ದೆ! ಉಳಿದ ಜೋಡಿಗಳು ಎಂತ ಮಾಡ್ತವೆ ಅಂತ ಹಳಬರು ಬರೆಯೂದು ಕಮ್ಮಿ.

ಒಂದು ಹುಷಾರಿ. 1923ರಲ್ಲಿ ಶುರುವಾದ ಸ್ಕಾಟಿಷ್ ಕಂಟ್ರಿ ಡಾನ್ಸ್ ಸೊಸೈಟಿ ಆಮೇಲೆ ಎಷ್ಟೋ ಫಿಗರ್ (ಕಾಸ್ಟ್ ಆಫ್, ಸುತ್ತು ಇಂಥ ಒಂದೊಂದು ಚಲನೆ) ಒಂದು ಹದಕ್ಕೆ ತಂದ್ರು, ಆ ಅರ್ಥನ ಹಳೇದಕ್ಕೆ ಹಚ್ಚಬೇಡಿ. ಅಲೆಮಾಂಡ್ ಅಂದ್ರೆ ಈಗ ಜೋಡಿಗಳು ಒಂದರ ಹಿಂದೆ ಒಂದು ಸಾಲಾಗಿ ಸುತ್ತೂದು, 18ನೇ ಶತಮಾನದಲ್ಲಿ ಬೆನ್ನ ಹಿಂದೆ ಕೈ ಹೆಣೆದು ತಿರುಗೂದು. ಫುಟ್ ಇಟ್ ಅಂತ ಕಂಡ್ರೆ ಇದ್ದಲ್ಲೇ ಹೆಜ್ಜೆ ಹಾಕೂದು, ಹೇ ಅಂದ್ರೆ ಜಡೆ ಹೆಣೆದ ಹಾಗೆ ಒಬ್ಬರನ್ನೊಬ್ಬರು ದಾಟೂದು.

ಎಲ್ಲ ಕೂತ ಮೇಲೆ ಅದನ್ನೇ ಇನ್ನೊಂದ್ ಸಲ ಎರಡನೇ ಜಾಗದಿಂದ ಆಡ್ಸಿ. ಹಳಬರು ಎಷ್ಟು ಜನ ಬಂದ್ರೂ ಉದ್ದಕ್ಕೆ ನಿಲ್ಲಿಸ್ತಿದ್ರು, ಈಗ ನಾಲ್ಕೇ ಜೋಡಿ, ಹಾಗಾಗಿ ಎರಡು ಸಲ ಆದ್ಮೇಲೆ ಒಂದನೇ ಜೋಡಿ ಸುಮ್ನೆ ಕೆಳತುದಿಗೆ ಜಾರ್ಕಳ್ತದೆ, ಅದು ಸೂಚನೆಯಲ್ಲಿ ಹುಡುಕಿದ್ರೆ ಸಿಗೂದಿಲ್ಲ.