ಬೀಕರಿನೊಳಗಿನ ಗೋಸುಂಬೆ

ನೀರಿನ ಕ್ರಿಮಿ ಕೊಲ್ಲಲು ಬಾವಿಗೆ ಪರ್ಮಾಂಗನೇಟ್ (ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ಹರಳು) ಹಾಕುವುದು ಮಲೆನಾಡಿನ ಮನೆಗಳಿಗೆ ಹೊಸದೇನಲ್ಲ. ಮೊದಲು ಕೊಡಪಾನದ ತುಂಬ ಗುಲಾಬಿ ನೀರು. ಆಮೇಲೆ ಗುಲಾಬಿ ಮಾಯವಾಗಿ ತಳದಲ್ಲಿ ಕಂದು ಗಸಿ. ನಡುವೆ ಏನಾಯಿತು? ಕಾಸ್ಟಿಕ್ ಸೋಡಾ ಬೆರೆಸಿದರೆ ಕಣ್ಣಾರೆ ನೋಡಬಹುದು.

ಅಡುಗೆಮನೆಯಲ್ಲಿ ಬೇಡ. ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರು ಎದುರಿಗಿದ್ದಾಗ ಮಾಡಿ. ಕನ್ನಡಕ, ಕೈಗವಸು ಬೇಕೇ ಬೇಕು.

ಗಾಜಿನ ಬೀಕರಿನಲ್ಲಿ 100 ಮಿಲಿ ನೀರು ತೆಗೆದುಕೊಳ್ಳಿ. ಅದರಲ್ಲಿ 1 ಗ್ರಾಂ ಸಕ್ಕರೆ ಕರಗಿಸಿ, ಆಮೇಲೆ ಒಂದೂವರೆ ಗ್ರಾಂ ಕಾಸ್ಟಿಕ್ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿದರೆ ಕಾದು ಚಿಮ್ಮುತ್ತದೆ. ಇನ್ನೊಂದು ಲೋಟದ ನೀರಿನಲ್ಲಿ ಪರ್ಮಾಂಗನೇಟ್ ಕರಗಿಸಿಕೊಳ್ಳಿ. ಎರಡು-ಮೂರು ಹರಳು ಸಾಕು. ಎಲ್ಲರೂ ಎಡವುವುದು ಇಲ್ಲೇ: ಜಾಸ್ತಿಯಾದರೆ ಕಡುನೇರಳೆ ಬಿಟ್ಟು ಏನೂ ಕಾಣುವುದಿಲ್ಲ. ಒಣ ಹರಳಿಗೆ ಸಕ್ಕರೆ ಬೆರೆಸಿ ಅರೆಯಲು ಮಾತ್ರ ಹೋಗಬೇಡಿ, ಬೆಂಕಿ ಹತ್ತಬಹುದು.

ಈಗ ನೇರಳೆ ನೀರನ್ನು ಬೀಕರಿಗೆ ಸುರಿದು ಕಲಕಿ. ಸುಮ್ನೆ ನೋಡುತ್ತಿರಿ. ನೇರಳೆ ನೀಲಿಗೆ ತಿರುಗಿ ಹಸಿರಾಗುತ್ತದೆ, ಕೊನೆಗೆ ಹಳದಿ-ಕಂದು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ 18ನೇ ಶತಮಾನದಲ್ಲೇ ಇಂಥದ್ದನ್ನು ಕಂಡು ಗೋಸುಂಬೆಗೆ ಹೋಲಿಸಿದ್ದ.

ಪರ್ಮಾಂಗನೇಟ್ ಎಲೆಕ್ಟ್ರಾನ್ ಕಸಿಯುವ ಆಸಾಮಿ. ಇಲ್ಲಿ ಸಕ್ಕರೆಯಿಂದ ಕಸಿಯುತ್ತದೆ. ಆಮ್ಲದಲ್ಲಿ ಒಂದೇ ಗುಕ್ಕಿಗೆ 5 ಎಲೆಕ್ಟ್ರಾನ್ ನುಂಗಿ ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಕಾಸ್ಟಿಕ್ ಸೋಡಾದಂಥ ಗಟ್ಟಿ ಪ್ರತ್ಯಾಮ್ಲದಲ್ಲಿ ಅಷ್ಟು ಆತುರವಿಲ್ಲ. ಅದರೊಳಗಿನ ಮ್ಯಾಂಗನೀಸ್ ಮೊದಲು ಒಂದೇ ಎಲೆಕ್ಟ್ರಾನ್ ಪಡೆದು +7ರಿಂದ +6ಕ್ಕೆ ಇಳಿಯುತ್ತದೆ (ಈ ಅಂಕಿಗೆ ಉತ್ಕರ್ಷಣ ಸ್ಥಿತಿ ಅಂತ ಹೆಸರು, ಎಲೆಕ್ಟ್ರಾನ್ ಒಂದು ಸಿಕ್ಕಿದರೆ ಒಂದು ಇಳಿಯುತ್ತದೆ). ಅದೇ ಹಸಿರು ಮ್ಯಾಂಗನೇಟ್. ನೀಲಿ ಬೇರೆ ವಸ್ತುವಲ್ಲ, ನೇರಳೆ-ಹಸಿರಿನ ಬೆರಕೆ ಅಷ್ಟೇ. ಇನ್ನೆರಡು ಎಲೆಕ್ಟ್ರಾನ್ ಸಿಕ್ಕಿದರೆ +4, ಅಂದರೆ ಕಂದು ಮ್ಯಾಂಗನೀಸ್ ಡೈಆಕ್ಸೈಡ್. ಪ್ರತ್ಯಾಮ್ಲ ತೆಳುವಾದರೆ ಹಸಿರು ನಿಲ್ಲುವುದೇ ಇಲ್ಲ. ಬಾವಿಯಲ್ಲಿ ಗುಲಾಬಿ ಹೋಗಿ ನೇರ ಕಂದು ಬರುವುದು ಅದಕ್ಕೇ.

ಈ ಡೈಆಕ್ಸೈಡ್ ನಮಗೇನು ಹೊಸಬನೇ? ಶಿವಮೊಗ್ಗದ ಹತ್ತಿರದ ಕುಂಸಿ ಮ್ಯಾಂಗನೀಸ್ ಅದಿರಿಗೆ ಹೆಸರಾದ ಊರು ಅಲ್ವಾ! ಕಾರ್ಖಾನೆಯವರು ಡೈಆಕ್ಸೈಡ್ ಇರುವ ಅದಿರನ್ನು ಪೊಟ್ಯಾಶ್ ಕ್ಷಾರದ ಜೊತೆ ಗಾಳಿಯಲ್ಲಿ ಕಾಯಿಸಿ ಹಸಿರು ಮ್ಯಾಂಗನೇಟ್ ಮಾಡುತ್ತಾರೆ, ಅದರಿಂದ ನೇರಳೆ ಪರ್ಮಾಂಗನೇಟ್. ನಾವು ಬೀಕರಿನಲ್ಲಿ ಅದೇ ದಾರಿಯನ್ನು ಹಿಂದುಮುಂದಾಗಿ ನಡೆದೆವು.

ಗಾಜಿಗೆ ಹಿಡಿದ ಕಂದು ಕಲೆ ಸೋಪಿಗೆ ಜಗ್ಗುವುದಿಲ್ಲ. ಬೀಕರನ್ನು ಚೆನ್ನಾಗಿ ತೊಳೆದು, ವಿಟಮಿನ್ ಸಿ ಮಾತ್ರೆ ಕರಗಿಸಿದ ನೀರು ಹಾಕಿ. ಕಲೆ ಹೋಗುತ್ತದೆ.