ಘಾಟಿಯಲ್ಲಿ ಮಾತ್ರ ಬರುತ್ತಿದ್ದ ಸದ್ದು

ಮೊದಲು ಕೇಳಿಸಿದ್ದು ಚಾರ್ಮಾಡಿ ಘಾಟಿ ಹತ್ತುವಾಗ. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಲಗೇಜು, ಮೂರನೇ ಗೇರು. ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ ಕಿಣಿಕಿಣಿ. ತಗಡಿನ ಡಬ್ಬಿಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. "ಡಿಕ್ಕಿಲಿರೋ ಪಾತ್ರೆ ಇರಬೇಕು ಬಿಡಿ" ಅಂದಳು ಹೆಂಡತಿ. ಕಾಲು ತೆಗೆದೆ, ಸದ್ದು ನಿಂತಿತು. ಪಾತ್ರೆ ಅಲ್ಲ.

ನನ್ನದು 1997ರ ಪೆಟ್ರೋಲ್ ಕಾರು. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿ ಪ್ರಕಾರ ಕಿಡಿಯ ಕರೆಂಟ್ ಹಂಚುವ ಭಾಗ) ಇರುವ ಹಳೇ ಎಂಜಿನ್. ಗ್ಯಾರೇಜಿನವರು ಒಂದು ರೌಂಡ್ ಓಡಿಸಿ, "ಬೇರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸಬೇಕು" ಅಂದರು. ಇಳಿಸೋದು ಅಂದ್ರೆ ಖರ್ಚು ಎಷ್ಟು ಅಂತ ಗೊತ್ತಲ್ವಾ? ಎರಡು ದಿನ ಬಿಟ್ಟು ಬರ್ತೀನಿ ಅಂತ ಹೇಳಿ ಮನೆಗೆ ತಂದೆ.

ಸದ್ದು ಹೇಗಿದೆ ಅಂತ ಕೇಳುತ್ತಾ ಕೂತರೆ ತಲೆ ಕೆಡುತ್ತೆ. ನನಗೆ ಟಕಟಕ ಅನ್ನಿಸಿದ್ದು ನಿಮಗೆ ಟಣಟಣ. ಅದು ಯಾವಾಗ ಬರುತ್ತೆ ಅನ್ನೋದನ್ನಷ್ಟೇ ನೋಡಿದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಇಲ್ಲ. ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೂ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ರಾಡ್ ಬೇರಿಂಗ್ ಹೋಗಿದ್ದರೆ ಅಲ್ಲಿ ಧಡ್ ಧಡ್ ಅಂತ ದಪ್ಪ ಸದ್ದು ಸಿಗಬೇಕಿತ್ತು. ಸಿಗಲಿಲ್ಲ.

ಮನೆ ಹತ್ತಿರದ ಏರಿನಲ್ಲಿ ಮೂವತ್ತೈದು ಕಿಲೋಮೀಟರ್ ವೇಗ, ಮೂರನೇ ಗೇರು: ಕಿಣಿಕಿಣಿ. ಅದೇ ವೇಗ, ಎರಡನೇ ಗೇರು: ಗಪ್‌ಚುಪ್. ಅಲ್ಲಿಗೆ ಬೇರಿಂಗ್ ಮೇಲಿನ ಅನುಮಾನ ಹೋಯಿತು. ಎಂಜಿನ್ನಿಗೆ ಭಾರ ಬಿದ್ದಾಗ, ಪ್ಲಗ್ಗಿನಿಂದ ಹೊತ್ತಿದ ಬೆಂಕಿ ಹರಡುವ ಮೊದಲೇ ಉಳಿದ ಪೆಟ್ರೋಲ್ ತಾನೇ ಸಿಡಿಯುತ್ತಿತ್ತು. ಆಗಿನ ಸಾದಾ ಪೆಟ್ರೋಲ್ 91 ಆಕ್ಟೇನ್. ಈ ಅಂಕಿ ಹೆಚ್ಚಿದಷ್ಟೂ ಪೆಟ್ರೋಲ್ ಹಾಗೆ ತಾನೇ ಸಿಡಿಯೋದು ಕಮ್ಮಿ. ಒಂದು ಟ್ಯಾಂಕ್ 95 ಹಾಕಿಸಿ ನೋಡಿದೆ. ಸದ್ದು ಕಮ್ಮಿಯಾಯಿತು, ಹೋಗಲಿಲ್ಲ.

ಪ್ಲಗ್ ಬಿಚ್ಚಿದಾಗ ಸ್ವಲ್ಪ ಹೆದರಿಕೆಯಾಯಿತು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳು. ಮಸಿ ಇರಬೇಕು ಅಂದುಕೊಂಡು ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಬಿಸಿಲಿಗೆ ಹಿಡಿದರೆ ಒಂದೆರಡು ಮಿನುಗಿದವು. ಪಿಸ್ಟನ್ನಿನ ಅಲ್ಯುಮಿನಿಯಂ!

ಪರಿಚಯದವರ ಹತ್ತಿರ ಟೈಮಿಂಗ್ ಲೈಟ್ ಇಸ್ಕೊಂಡು ಬಂದೆ. ಪ್ಲಗ್ಗಿನ ಕಿಡಿ ಯಾವ ಕ್ಷಣಕ್ಕೆ ಹಾರುತ್ತೆ ಅಂತ ತೋರಿಸೋ ದೀಪ ಅದು. ಎಂಜಿನ್ ಬಿಸಿ ಮಾಡಿ, ಐಡಲ್‌ನಲ್ಲಿಟ್ಟು, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಕಿತ್ತು ಅದರ ಬಾಯಿ ಮುಚ್ಚಿ, ಪುಲ್ಲಿ ಗುರುತಿಗೆ ಲೈಟ್ ಬಿಟ್ಟೆ. (ಫ್ಯಾನ್ ಬೆಲ್ಟ್ ಪಕ್ಕದ ಕೆಲಸ. ಲುಂಗಿ ಉಟ್ಟು ಮಾಡಬೇಡಿ.) ಮ್ಯಾನ್ಯುಯಲ್ ಹೇಳಿದ್ದು 6 ಡಿಗ್ರಿ, ಅಂದ್ರೆ ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಅಷ್ಟು ಮೊದಲು ಕಿಡಿ ಹಾರಬೇಕು. ನನ್ನದು 14ರ ಹತ್ತಿರ, ತೀರಾ ಬೇಗ! ಆಗ ನೆನಪಾಯಿತು: ನಾಲ್ಕು ತಿಂಗಳ ಹಿಂದೆ ಪಿಕಪ್ ಇಲ್ಲ ಅಂತ ಗೊಣಗಿದ್ದೆ. ಆಗ ಒಬ್ಬ ಹುಡುಗ ಡಿಸ್ಟ್ರಿಬ್ಯೂಟರ್ ತಿರುಗಿಸಿ ಕೊಟ್ಟಿದ್ದ. ಕಾರು ಚೆನ್ನಾಗಿ ಎಳೀತಿದೆ ಅಂತ ನಾನೇ ಖುಷಿಯಾಗಿ ಟಿಪ್ಸ್ ಬೇರೆ ಕೊಟ್ಟಿದ್ದೆ.

6ಕ್ಕೆ ತರೋಕೆ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ ಅದನ್ನು ಕೂದಲೆಳೆಯಷ್ಟೇ ವಾಪಸ್ ತಿರುಗಿಸಬೇಕು. ಟೈಟ್ ಮಾಡುವಾಗ ಮತ್ತೆ ಸರಿಯುತ್ತೆ. ಹಾಗಾಗಿ ಮೂರು ಸಲ ಮಾಡಿದೆ.

ಪಿಕಪ್ ಸ್ವಲ್ಪ ಕಮ್ಮಿಯಾಗಿದೆ. ಆದರೆ ಸಾದಾ ಪೆಟ್ರೋಲಿನಲ್ಲೇ, ಅದೇ ಐದು ಜನರನ್ನು ಕೂರಿಸಿಕೊಂಡು ಚಾರ್ಮಾಡಿ ಹತ್ತಿಸಿದೆ. ಸದ್ದಿಲ್ಲ. 500 ಕಿಲೋಮೀಟರ್ ಓಡಿದ ಮೇಲೆ ಹೊಸ ಪ್ಲಗ್‌ಗಳನ್ನು ಬಿಚ್ಚಿ ನೋಡಿದೆ. ಮೂರು ಚೊಕ್ಕವಾಗಿವೆ. ನಾಲ್ಕನೆಯದರಲ್ಲಿ ಎರಡು ಚುಕ್ಕೆ ಇವೆ. ಇನ್ನೊಂದು 500 ಓಡಿಸಿ ಮತ್ತೆ ಬಿಚ್ಚಬೇಕು.