ಸೆಜಾನ್‌ನ ಗಾರ್ಡಾನ್ ನಕಲು ಮಾಡುತ್ತಾ

ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ 1885–86ರಲ್ಲಿ ಕೆಲವು ತಿಂಗಳು ದಕ್ಷಿಣ ಫ್ರಾನ್ಸಿನ ಗಾರ್ಡಾನ್ ಎಂಬ ಗುಡ್ಡದೂರಿನಲ್ಲಿ ಸಂಸಾರ ಸಮೇತ ನೆಲೆಸಿದ್ದ. ಆಗ ಬರೆದ ಊರಿನ ಚಿತ್ರಗಳಲ್ಲೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ: ಎತ್ತರ 80 ಸೆಂ.ಮೀ., ಅಗಲ 64. ಮ್ಯೂಸಿಯಂನ ಜಾಲತಾಣದಿಂದ ದೊಡ್ಡ ಪ್ರತಿ ಇಳಿಸಿಕೊಂಡು, ಅರ್ಧ ಅಳತೆಯಲ್ಲಿ ಎಣ್ಣೆಬಣ್ಣದಲ್ಲಿ ನಕಲು ಮಾಡಿದೆ.

ದಸರಾ ಗೊಂಬೆಗಳನ್ನು ಮೆಟ್ಟಿಲ ಮೇಲೆ ಜೋಡಿಸಿದ ಹಾಗೆ ಮನೆಗಳು ಒಂದರ ಮೇಲೊಂದು ಏರಿ, ತುದಿಯಲ್ಲಿ ಚರ್ಚಿನ ಗೋಪುರ ನಿಂತಿದೆ. ಚೌಕ ಹಾಕಿ, ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಕೋಬಾಲ್ಟ್ ನೀಲಿಯಲ್ಲಿ ಗೆರೆ ಎಳೆದುಕೊಂಡೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ನಿಜವಾದ ಕೆಲಸ ಗೋಡೆಗಳಲ್ಲಿತ್ತು. ನೆರಳು ಎಂದ ಕೂಡಲೇ ನಮ್ಮ ಕೈ ಕಪ್ಪಿನ ಕಡೆ ಹೋಗುತ್ತದೆ. ನಾನು ಪ್ಯಾಲೆಟ್ಟಿನಲ್ಲಿ ಕಪ್ಪನ್ನೇ ಇಡಲಿಲ್ಲ. ಬಿಸಿಲಿನ ಗೋಡೆಗೆ ಯೆಲ್ಲೊ ಓಕರ್ (ಮಣ್ಣಿನ ಹಳದಿ) ಮತ್ತು ಬಿಳಿ. ಪಕ್ಕದ ಗೋಡೆಗೆ ಅದೇ ಮಿಶ್ರಣಕ್ಕೆ ಚೂರು ಕೋಬಾಲ್ಟ್. ಹಸಿರು ಹೆಚ್ಚಾದರೆ ಅಲಿಝರಿನ್ ಕೆಂಪು, ಬ್ರಷ್ ತುದಿಯಷ್ಟು. ಒಂದು ಮುಖ ಬೆಚ್ಚಗೆ, ಇನ್ನೊಂದು ತಂಪಗೆ ಆದರೆ ಸಾಕು, ಮೂಲೆ ತಾನಾಗಿ ತಿರುಗುತ್ತದೆ. ಫೋನಿನಲ್ಲಿ ನನ್ನ ನಕಲನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ಎರಡು ಗೋಡೆಗಳ ನಡುವೆ ವ್ಯತ್ಯಾಸ ಅಷ್ಟಕ್ಕಷ್ಟೆ. ಮನೆ ಎದ್ದು ನಿಂತದ್ದು ಬಣ್ಣದ ಬಲದಿಂದ. ಮುಂದೆ ವಸ್ತುಗಳನ್ನು ಜ್ಯಾಮಿತಿಯ ಆಕಾರಗಳಾಗಿ ಒಡೆದು ಬರೆದ ಕ್ಯೂಬಿಸ್ಟ್ ಚಿತ್ರಕಾರರು ಇವನ ಬೆನ್ನು ಹತ್ತಿದ್ದು ಯಾಕೆ ಎನ್ನುವುದು ಹತ್ತು ಉಪನ್ಯಾಸಗಳಿಗಿಂತ ಇಲ್ಲಿ ಚೆನ್ನಾಗಿ ತಿಳಿಯಿತು.

ಬಿಳಿಯ ವಿಷಯ ಒಂದು ಮಾತು. ಆ ಕಾಲದವರದು ಸೀಸದ ಬಿಳಿ. ನಮಗೆ ಸಿಗುವ ಟೈಟಾನಿಯಂ ಬಿಳಿ ಬಲು ಜೋರು, ಸ್ವಲ್ಪ ಹೆಚ್ಚಾದರೂ ಬಣ್ಣ ಸುಣ್ಣ ಬಳಿದಂತಾಗುತ್ತದೆ. ಅದಕ್ಕೇ ಟ್ಯೂಬಿನ ಬಿಳಿಗೆ ಮೊದಲೇ ತುಸು ಓಕರ್ ಬೆರೆಸಿಟ್ಟುಕೊಂಡೆ.

ಮರಗಳಿಗೆ ಅರ್ಧ ಅಂಗುಲದ ಚಪ್ಪಟೆ ಬ್ರಷ್. ಎಲೆ ಬಿಡಿಸುವ ಆಸೆ ಬಿಟ್ಟು, ಓರೆಯಾಗಿ, ಒಂದೇ ದಿಕ್ಕಿನಲ್ಲಿ ಪಕ್ಕಪಕ್ಕದ ಗೀಟುಗಳು. ಹಿಂದಿನದು ಒಣಗುವ ಮೊದಲು ಮೇಲೆ ಇನ್ನೊಂದು ಹಾಕಿದರೆ ಹಸಿರೆಲ್ಲ ಕಲಸಿಹೋಗುತ್ತದೆ, ತಾಳಬೇಕು.

ಕೆಳಭಾಗವನ್ನು ಸೆಜಾನ್ ಮುಗಿಸಿಲ್ಲ, ಕ್ಯಾನ್ವಾಸಿನ ತಳ ಹಾಗೇ ಕಾಣುತ್ತದೆ. ನಾನೂ ಬಿಟ್ಟೆ. ಮನೆಗೆ ಬಂದವರೆಲ್ಲ "ಇದನ್ನ ಯಾವಾಗ ಮುಗಿಸ್ತೀರಿ?" ಅನ್ನುತ್ತಾರೆ. ಮುಗಿಸುವುದಿಲ್ಲ. ಇದೇ ಊರಿನ ಇನ್ನೊಂದು ಚಿತ್ರ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ, ಅದೂ ಅಪೂರ್ಣ. ಮುಂದೆ ಕೈಹಾಕುವುದು ಅದಕ್ಕೇ.